ಬಿಡುವುದೋ, ಕಾಯುವುದೋ?

ನೌಕರಿಯೆಂದರೆ ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಜೀವಮಾನದ ಮಾತಾಗಿತ್ತು. ಇಪ್ಪತ್ತೆರಡರ ಹರೆಯದಲ್ಲಿ ಸೇರಿದ ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ಸರಕಾರಿ ಕಚೇರಿಯಿಂದಲೋ ಐವತ್ತೆಂಟನೆಯ ವಯಸ್ಸಿನಲ್ಲಿ ಶಾಲು, ಹಾರ, ಫಲತಾಂಬೂಲಗಳೊಡನೆ ಮನೆಗೆ ಮರಳುವುದು ವಾಡಿಕೆ. ನಡುವೆ ವರ್ಗಾವಣೆಗಳಿದ್ದವು, ಬಡ್ತಿ ತಪ್ಪಿದ ನೋವುಗಳಿದ್ದವು, ಮೇಲಧಿಕಾರಿಯ ಕಿರುಕುಳವೂ ಇತ್ತು. ಆದರೆ ನಾಳೆ ಈ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಅಂಜಿಕೆ ಇರಲಿಲ್ಲ. ಆ ತಲೆಮಾರಿನವರ ಮಕ್ಕಳು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳ ದೊಡ್ಡ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಸಂಬಳ ದೊಡ್ಡದು, ಭರವಸೆ ಸಣ್ಣದು. ಒಂದು ಕಂಪನಿ ಇನ್ನೊಂದರಲ್ಲಿ ವಿಲೀನವಾಗುತ್ತದೆ, ಒಂದು ವಿಭಾಗ ಇದ್ದಕ್ಕಿದ್ದಂತೆ ಮುಚ್ಚುತ್ತದೆ, ಹತ್ತು ಜನರ ಕೆಲಸವನ್ನು ಇಬ್ಬರ ತಲೆಯ ಮೇಲೆ ಹೊರಿಸಲಾಗುತ್ತದೆ.

ಇಂಥ ಸ್ಥಿತಿಯಲ್ಲಿ ಸಿಲುಕಿದ ಗೃಹಸ್ಥನಿಗೆ ಎರಡು ದನಿಗಳು ಕೇಳಿಸುತ್ತವೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ರೆ ಹತ್ತದ ಶರೀರವು 'ಸಾಕು, ಬಿಟ್ಟುಬಿಡು' ಎನ್ನುತ್ತದೆ. ಕಚೇರಿಯಲ್ಲಿ ಹರಿದಾಡುವ ಸುದ್ದಿಯು 'ತಡೆ, ಸದ್ಯದಲ್ಲೇ ಜನರನ್ನು ಕಡಿಮೆ ಮಾಡುವವರಿದ್ದಾರೆ. ನೀನಾಗಿ ಹೊರಟರೆ ಬರಿಗೈ. ಅವರೇ ಕಳಿಸಿದರೆ ಕೈತುಂಬ ಪರಿಹಾರಧನ' ಎನ್ನುತ್ತದೆ. ಈ ಎರಡರ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಉರುಳುತ್ತವೆ. ಮನೆಯವರಿಗೆ ಅವನ ಸಿಡುಕು ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಬಿಡಬೇಕೋ ಕಾಯಬೇಕೋ ಎಂಬುದಕ್ಕೆ ಎಲ್ಲ ಮನೆಗಳಿಗೂ ಒಪ್ಪುವ ಒಂದೇ ಉತ್ತರವನ್ನು ಯಾರೂ ಹೇಳಲಾರರು. ಆದರೆ ಉತ್ತರವನ್ನು ಹುಡುಕುವ ಕ್ರಮವೊಂದಿದೆ. ಕಾಯುವುದಾದರೆ ಎಷ್ಟು ಹಣಕ್ಕಾಗಿ, ಎಷ್ಟು ದಿನ, ಯಾವ ಬೆಲೆ ತೆತ್ತು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಕಾಯಬೇಕು. ಹಾಗೆ ಗೊತ್ತುಮಾಡಿಕೊಳ್ಳದ ಕಾಯುವಿಕೆಯು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಈ ಲೇಖನದ ಉದ್ದೇಶ ಇಷ್ಟೇ.

ಹಿಂದಿನವರು ಕಾದ ಬಗೆ

'ಕಾದರೆ ಹಣ ಬರುತ್ತದೆ' ಎಂಬ ನಂಬಿಕೆ ನಮ್ಮಲ್ಲಿ ಎಲ್ಲಿಂದ ಬಂತು? ಅದಕ್ಕೆ ಹಿನ್ನೆಲೆಯಿದೆ. 2000-01ರಲ್ಲಿ ರಾಷ್ಟ್ರೀಕೃತ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆಯನ್ನು ತಂದವು. ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 60 ದಿನಗಳ ಸಂಬಳ, ಅಥವಾ ಉಳಿದ ಸೇವಾವಧಿಯ ಸಂಬಳ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುವುದೆಂದು ನಿಗದಿಯಾಯಿತು. ದೇಶದಲ್ಲಿ ಸುಮಾರು ಒಂದು ಲಕ್ಷ ಮಂದಿ ಹೊರಬಂದರು. 2019ರ ನವೆಂಬರಿನಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯು ಐವತ್ತು ದಾಟಿದವರಿಗೆ ಇಂಥದೇ ಯೋಜನೆಯನ್ನು ಪ್ರಕಟಿಸಿತು. ಸಲ್ಲಿಸಿದ ಪ್ರತಿ ವರ್ಷಕ್ಕೆ 35 ದಿನ, ಉಳಿದ ಪ್ರತಿ ವರ್ಷಕ್ಕೆ 25 ದಿನಗಳ ಸಂಬಳ ಎಂಬುದು ಅದರ ಸೂತ್ರ. 2020ರ ಜನವರಿ 31ರಂದು ಒಂದೇ ದಿನ ಸುಮಾರು 78 ಸಾವಿರ ನೌಕರರು ನಿವೃತ್ತರಾದರು.

ಕಾಯುವಿಕೆಯ ಇನ್ನೊಂದು ಮುಖವನ್ನೂ ಕನ್ನಡಿಗರು ಕಂಡಿದ್ದಾರೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಕೈಗಡಿಯಾರದ ತಯಾರಿಕೆಯನ್ನು ಆರಂಭಿಸಿತು. ಮದುವೆಯಲ್ಲಿ ಅಳಿಯನಿಗೆ ಆ ಗಡಿಯಾರವನ್ನು ಕಟ್ಟದ ಮನೆ ವಿರಳವಾಗಿತ್ತು. ಕಾಲ ಬದಲಾಯಿತು, ಸಂಸ್ಥೆ ನಷ್ಟಕ್ಕಿಳಿಯಿತು. ಅದರ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನವು ಕೇಂದ್ರ ಸಂಪುಟದಿಂದ ಹೊರಬಿದ್ದದ್ದು 2016ರ ಜನವರಿಯಲ್ಲಿ. ಕೊನೆಯ ತನಕ ಉಳಿದ ನೌಕರರಿಗೆ 2007ರ ಅಂದಾಜು ವೇತನ ಶ್ರೇಣಿಯ ಆಧಾರದ ಮೇಲೆ ಸ್ವಯಂ ನಿವೃತ್ತಿಯ ಹಣ ಕೊಡಲು ಒಪ್ಪಲಾಯಿತು. ಹಣ ಬಂತೆಂಬುದು ನಿಜ. ಅದಕ್ಕಾಗಿ ಕಳೆದ ಅನಿಶ್ಚಿತ ವರ್ಷಗಳು ಯಾವ ಲೆಕ್ಕಪತ್ರದಲ್ಲಿಯೂ ಸೇರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬ್ಯಾಂಕುಗಳ ಮತ್ತು ದೂರವಾಣಿ ಸಂಸ್ಥೆಯ ಯೋಜನೆಗಳು ಲಿಖಿತವಾಗಿದ್ದವು. ಸೂತ್ರವಿತ್ತು, ಕೊನೆಯ ದಿನಾಂಕವಿತ್ತು, ಅರ್ಹತೆಯ ಷರತ್ತುಗಳಿದ್ದವು. ಖಾಸಗಿ ಕಂಪನಿಯಲ್ಲಿ ಇಂದು ನಡೆಯುವ ಕಡಿತಕ್ಕೆ ಬಹುಮಟ್ಟಿಗೆ ಇವಾವುವೂ ಇರುವುದಿಲ್ಲ. ಬೆಳಿಗ್ಗೆ ಸಭೆಗೆ ಕರೆ ಬರುತ್ತದೆ, ಮಧ್ಯಾಹ್ನಕ್ಕೆ ಕಂಪ್ಯೂಟರ್ ಮುಚ್ಚಿರುತ್ತದೆ. ಯಾರ ಸರದಿ, ಯಾವಾಗ, ಎಷ್ಟು ಕೊಡುತ್ತಾರೆ ಎಂಬುದು ಮುಂಚಿತವಾಗಿ ಯಾರಿಗೂ ತಿಳಿಯದು. ಆದ್ದರಿಂದ ತಂದೆ ಬ್ಯಾಂಕಿನಲ್ಲಿ ಕಾದು ಪಡೆದರೆಂಬ ಕಾರಣಕ್ಕೆ ಮಗನೂ ಕಾದು ಪಡೆಯುವನೆಂದು ಭಾವಿಸುವುದು ಸರಿಯಲ್ಲ.

ಯಾವ ಹಣ ಯಾರದು?

ಕಂಪನಿ ಬಿಡುವಾಗ ಬರುವ ಹಣವನ್ನೆಲ್ಲ ಒಂದೇ ಗಂಟಾಗಿ ಎಣಿಸುವುದರಿಂದ ಬಹಳ ಗೊಂದಲ ಉಂಟಾಗುತ್ತದೆ. ಅದರಲ್ಲಿ ಮೂರು ಬಗೆಗಳಿವೆ. ಅವನ್ನು ಬೇರೆ ಬೇರೆ ಮಾಡಿ ನೋಡಬೇಕು.

ಮೊದಲನೆಯದು, ಈಗಾಗಲೇ ದುಡಿದು ಗಳಿಸಿದ್ದು. ಭವಿಷ್ಯ ನಿಧಿ, ಗ್ರಾಚ್ಯುಯಿಟಿ, ಕಂಪನಿಯ ನಿಯಮದಂತೆ ಬಾಕಿ ರಜೆಯ ಹಣ, ದುಡಿದ ದಿನಗಳ ಸಂಬಳ ಇವು ಈ ಬಗೆಗೆ ಸೇರುತ್ತವೆ. ರಾಜೀನಾಮೆ ಕೊಟ್ಟರೂ ಇವು ನಮ್ಮವೇ. ಗ್ರಾಚ್ಯುಯಿಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. 1972ರ ಕಾಯಿದೆಯಿಂದ ಬಂದ ಈ ಹಕ್ಕು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಅಲ್ಲಿ ಒಂದು ವರ್ಷದ ಸೇವೆಯೇ ಸಾಕೆಂದು ಹೇಳಲಾಗಿದೆ. ಲೆಕ್ಕ ಸುಲಭ: ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ವೇತನ 52,000 ರೂಪಾಯಿ, ಸೇವೆ 12 ವರ್ಷ ಎಂದಾದರೆ 3,60,000 ರೂಪಾಯಿ ಬರುತ್ತದೆ.

ಎರಡನೆಯದು, ಕಂಪನಿಯೇ ಕೆಲಸದಿಂದ ಕಡಿಮೆ ಮಾಡಿದಾಗ ಕಾನೂನು ಕೊಡಿಸುವ ಹಣ. ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನಿಗೆ ಕಾರಣ ತಿಳಿಸಿ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯಿದೆ ವಿಧಿಸಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಆದರೆ ಇದು 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ. ವ್ಯವಸ್ಥಾಪಕ ಮತ್ತು ಆಡಳಿತಾತ್ಮಕ ಸ್ಥಾನದಲ್ಲಿರುವವರು, ಹಾಗೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಇದರ ಹೊರಗೆ ಉಳಿಯುತ್ತಾರೆ. ಹುದ್ದೆಯ ಹೆಸರಿನಲ್ಲಿ 'ಮ್ಯಾನೇಜರ್' ಎಂದಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ನಿಜವಾಗಿ ಮಾಡುವ ಕೆಲಸದ ಸ್ವರೂಪ ಮುಖ್ಯ ಎಂದು ನ್ಯಾಯಾಲಯಗಳು ಹಲವು ಬಾರಿ ಹೇಳಿವೆ. ಈ ಕಾರಣದಿಂದ ತಾನು ಯಾವ ವರ್ಗಕ್ಕೆ ಸೇರುವೆನೆಂಬುದನ್ನು ಕಾರ್ಮಿಕ ಕಾನೂನು ಬಲ್ಲ ವಕೀಲರಿಂದ ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಮೂರನೆಯದು, ಕಂಪನಿ ತನ್ನ ಇಚ್ಛೆಯಿಂದ ಕೊಡುವ ಹಣ. ಕಾನೂನಿನ ಕನಿಷ್ಠ ಮಿತಿಗಿಂತ ಮೇಲೆ ಎರಡು ತಿಂಗಳು, ನಾಲ್ಕು ತಿಂಗಳ ಸಂಬಳ ಕೊಟ್ಟು ಕಳಿಸುವ ಪದ್ಧತಿ ಕೆಲವು ಕಂಪನಿಗಳಲ್ಲಿದೆ. ನೇಮಕಾತಿ ಪತ್ರದಲ್ಲಿ ಅಥವಾ ಪ್ರಕಟಿತ ಯೋಜನೆಯಲ್ಲಿ ಬರೆಯದಿದ್ದರೆ ಅದನ್ನು ಹಕ್ಕೆಂದು ಕೇಳಲಾಗದು. ಕಳೆದ ವರ್ಷ ಸಹೋದ್ಯೋಗಿಗೆ ಸಿಕ್ಕಿದ್ದು ಈ ವರ್ಷ ನಮಗೆ ಸಿಗಲೇಬೇಕೆಂಬ ನಿಯಮವಿಲ್ಲ. ತೆರಿಗೆಯ ವಿಷಯವೂ ಇದೆ. ನಿಯಮಗಳಿಗೆ ಒಳಪಟ್ಟ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಬಂದ ಹಣಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆದಾಯ ತೆರಿಗೆಯ ವಿನಾಯಿತಿ ಉಂಟು. ಯೋಜನೆಯಿಲ್ಲದೆ ಸುಮ್ಮನೆ ಕೊಟ್ಟ ಹಣವನ್ನು ಸಾಮಾನ್ಯವಾಗಿ ಸಂಬಳವೆಂದೇ ಎಣಿಸಿ ತೆರಿಗೆ ಹಿಡಿಯುತ್ತಾರೆ.

ಹೀಗೆ ವಿಂಗಡಿಸಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೊದಲನೆಯ ಗಂಟಿಗಾಗಿ ಯಾರೂ ಕಾಯಬೇಕಾಗಿಲ್ಲ. ನಾವು ಕಾಯುವುದು ಎರಡನೆಯ ಮತ್ತು ಮೂರನೆಯ ಗಂಟಿಗೆ ಮಾತ್ರ.

ಕಾಯುವುದರ ಬೆಲೆ

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗೃಹಸ್ಥನಿಗೆ 44 ವರ್ಷ, ಸೇವೆ 12 ವರ್ಷ, ಸಂಬಳ ತಿಂಗಳಿಗೆ 1,04,000. ಮನೆಸಾಲದ ಕಂತು 28,000, ಮನೆಯ ಖರ್ಚು 30,000, ಮಕ್ಕಳ ಶಾಲೆಗೆ 8,000, ಊರಿನಲ್ಲಿರುವ ತಂದೆತಾಯಿಗೆ 4,000. ಒಟ್ಟು 70,000 ತಪ್ಪದ ವೆಚ್ಚ. ಕಂಪನಿಯು ವರ್ಷಕ್ಕೆ ಅರ್ಧ ತಿಂಗಳ ಸಂಬಳದಂತೆ ಕೊಟ್ಟು ಕಳಿಸುತ್ತದೆಂದು ಸುದ್ದಿ. ಹನ್ನೆರಡು ವರ್ಷಕ್ಕೆ ಆರು ತಿಂಗಳ ಸಂಬಳ, ಅಂದರೆ 6,24,000 ರೂಪಾಯಿ. ಮನೆ ಸುಮಾರು ಒಂಬತ್ತು ತಿಂಗಳು ನಡೆಯುವಷ್ಟು ಹಣ. ಯಾರಿಗಾದರೂ ಆಸೆ ಹುಟ್ಟುವಂಥದೇ.

ಆದರೆ ಅವನ ಹೆಸರು ಪಟ್ಟಿಯಲ್ಲಿ ಬರುತ್ತದೆಯೆಂದು ಯಾರು ಹೇಳಬಲ್ಲರು? ಬರುವ ಸಂಭವ ಅರ್ಧಕ್ಕರ್ಧ ಎಂದಿಟ್ಟುಕೊಂಡರೆ, ಆ ಆಸೆಯ ಇಂದಿನ ಬೆಲೆ 3,12,000 ಮಾತ್ರ. ಸರಿಯಾಗಿ ಮೂರು ತಿಂಗಳ ಸಂಬಳ, ತೆರಿಗೆಗೆ ಮುಂಚೆ. ಕಾಯುವ ಅವಧಿಯಲ್ಲಿ ತಿಂಗಳ ಸಂಬಳ ಬರುತ್ತಲೇ ಇರುತ್ತದೆ ನಿಜ. ಅದು ದುಡಿತಕ್ಕೆ ಬಂದ ಕೂಲಿ, ಕಾದದ್ದಕ್ಕೆ ಬಂದ ಬಹುಮಾನವಲ್ಲ. ಬೇರೆ ಕಡೆ ಸರಿಸಮನಾದ ಕೆಲಸ ಸಿಗುವುದಾದರೆ ಅಲ್ಲಿಯೂ ಅದೇ ಕೂಲಿ ಬರುತ್ತದೆ. ಆಗ ಅವನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಮೂರು ತಿಂಗಳ ಸಂಬಳಕ್ಕಾಗಿ ಒಂದು ವರ್ಷದ ನಿದ್ರೆಯನ್ನು ಮಾರಲು ನಾನು ಸಿದ್ಧನೇ?

ಬೇರೆ ಕೆಲಸ ಕೈಯಲ್ಲಿಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. ಉಳಿತಾಯದ ಹಣವನ್ನು 70,000ದಿಂದ ಭಾಗಿಸಿದರೆ ಮನೆ ಎಷ್ಟು ತಿಂಗಳು ನಿಲ್ಲುತ್ತದೆಂಬುದು ತಿಳಿಯುತ್ತದೆ. ಎರಡು ತಿಂಗಳು ಮಾತ್ರ ನಿಲ್ಲುವ ಮನೆಯ ಯಜಮಾನನು ಕೋಪದ ಭರದಲ್ಲಿ ರಾಜೀನಾಮೆ ಬರೆಯಬಾರದು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಾದ ಮೇಲೆ ಬರುವುದಿಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಂಥವನು ಕಾಯಲಿ, ಆದರೆ ಕೈಕಟ್ಟಿ ಕೂಡದಿರಲಿ. ಖರ್ಚನ್ನು ಇಳಿಸುವುದು, ಹೊಸ ಸಾಲವನ್ನು ಮಾಡದಿರುವುದು, ಹಳೆಯ ಪರಿಚಯಗಳನ್ನು ಎಬ್ಬಿಸಿ ಬೇರೆ ಕೆಲಸ ಹುಡುಕುವುದು, ಇವೇ ಆ ದಿನಗಳ ವ್ರತವಾಗಬೇಕು.

ಕೆಲವು ದಿನಾಂಕಗಳಿಗೆ ಮಾತ್ರ ನಿಶ್ಚಯವಾಗಿ ಕಾಯಬೇಕು. ನಾಲ್ಕು ವರ್ಷ ಹತ್ತು ತಿಂಗಳಾದವರು ಎರಡು ತಿಂಗಳು ತಡೆದರೆ ಗ್ರಾಚ್ಯುಯಿಟಿಯ ಹಕ್ಕು ನಿರ್ವಿವಾದವಾಗುತ್ತದೆ. ಭವಿಷ್ಯ ನಿಧಿಗೆ ಸೇರಿದ 1995ರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಇದು ಬೇರೆ ಬೇರೆ ಕಂಪನಿಗಳ ಸೇವೆಯನ್ನು ಕೂಡಿಸಿಯೂ ಪೂರ್ಣವಾಗಬಹುದು. ಆದ್ದರಿಂದ ಕೆಲಸ ಬಿಟ್ಟೊಡನೆ ಭವಿಷ್ಯ ನಿಧಿಯನ್ನು ಬಿಡಿಸಿ ಖರ್ಚು ಮಾಡದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳುವುದು ವಿವೇಕ. ವಾರ್ಷಿಕ ಬೋನಸ್ಸಿನ ದಿನ, ಕಂಪನಿ ಕೊಟ್ಟ ಷೇರುಗಳು ಕೈಸೇರುವ ದಿನ, ಇವುಗಳನ್ನೂ ಪಂಚಾಂಗದಲ್ಲಿ ಗುರುತು ಮಾಡಿಕೊಳ್ಳಬೇಕು.

ಆರೋಗ್ಯ ವಿಮೆಯನ್ನು ಹಲವರು ಮರೆಯುತ್ತಾರೆ. ವೃದ್ಧ ತಂದೆತಾಯಿಗಳಿಗೆ ಕಂಪನಿಯ ಸಾಮೂಹಿಕ ವಿಮೆಯೇ ಆಸರೆಯಾಗಿರುವ ಮನೆಗಳು ಬಹಳ. ಕೆಲಸ ಬಿಟ್ಟೊಡನೆ ಆ ಆಸರೆ ಕಳಚುತ್ತದೆ. ಹೊಸ ವಿಮೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂಥ ಹಳೆಯ ರೋಗಗಳಿಗೆ ಕಾಯುವ ಅವಧಿಯಿರುತ್ತದೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅದರ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಆದರೂ ಮೂರು ವರ್ಷ ಕಡಿಮೆಯೇನಲ್ಲ. ಆದ್ದರಿಂದ ರಾಜೀನಾಮೆಗೆ ಮುನ್ನವೇ ಮನೆಯವರಿಗೆ ಸ್ವಂತ ವಿಮೆ ಮಾಡಿಸಬೇಕು, ಅಥವಾ ಸಾಮೂಹಿಕ ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ವಿಮೆಗೆ ಬದಲಾಗಲು ಅವಕಾಶವಿದೆಯೇ ಎಂದು ವಿಚಾರಿಸಬೇಕು.

ಶರೀರವು ಹೇಳುವ ಮಾತು

ಇದುವರೆಗೆ ಹಣದ ಮಾತಾಯಿತು. ಹಣದ ಲೆಕ್ಕವನ್ನು ಸಂಪೂರ್ಣವಾಗಿ ಅಳಿಸಿಬಿಡುವ ಇನ್ನೊಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ 'ಬರ್ನ್‌ಔಟ್' ಎಂಬುದನ್ನು ವೃತ್ತಿಗೆ ಸಂಬಂಧಿಸಿದ ಒಂದು ಸ್ಥಿತಿಯೆಂದು ವಿವರಿಸಿದೆ. ಅದನ್ನು ರೋಗವೆಂದು ಕರೆದಿಲ್ಲ. ಕೆಲಸದ ಒತ್ತಡವನ್ನು ದೀರ್ಘಕಾಲ ಸರಿಯಾಗಿ ನಿಭಾಯಿಸದಿದ್ದಾಗ ಬರುವ ಸ್ಥಿತಿ ಎಂದಿದೆ. ಲಕ್ಷಣಗಳು ಮೂರು. ಶಕ್ತಿಯೆಲ್ಲ ಬತ್ತಿಹೋದ ಅನುಭವ, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ದೂರ ಸರಿದ ಭಾವ, ಮತ್ತು ಕಾರ್ಯದಕ್ಷತೆಯ ಇಳಿತ.

ಅದೇ ಸಂಸ್ಥೆಯು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೊಡನೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನಷ್ಟು ಗಂಭೀರವಾದುದು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇಕಡಾ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. ಮನೆಯ ಆಧಾರಸ್ತಂಭವೇ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರೆ ಆರು ತಿಂಗಳ ಪರಿಹಾರಧನವು ಎಷ್ಟು ದಿನಕ್ಕೆ ಸಾಲುತ್ತದೆ?

ಕೆಲಸದ ದಣಿವಿಗೂ ಅಪಾಯದ ಸೂಚನೆಗೂ ವ್ಯತ್ಯಾಸವಿದೆ. ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋಗಿ ಬಂದರೆ ಕಳೆಯುವುದು ದಣಿವು. ರಜೆಯಲ್ಲಿಯೂ ಕಳೆಯದೆ, ಭಾನುವಾರದ ಸಂಜೆಯಿಂದಲೇ ಎದೆ ಬಡಿತ ಏರತೊಡಗಿದರೆ, ವಾರಗಟ್ಟಲೆ ನಿದ್ರೆ ಕೆಟ್ಟರೆ, ಊಟ ಸೇರದಿದ್ದರೆ, ಕುಡಿತದ ಕಡೆ ಮನಸ್ಸು ವಾಲಿದರೆ, ಮಕ್ಕಳ ಮಾತೂ ಕಿರಿಕಿರಿಯೆನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ ಅಂದೇ ಮನೆಯವರಿಗೆ ತಿಳಿಸಿ ನೆರವು ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲಿಯೇ ಮಾತನಾಡಬಹುದು. ಮನಸ್ಸಿನ ವೈದ್ಯರ ಬಳಿ ಹೋಗುವುದನ್ನು ಮನೆತನದ ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬಾರದು. ಎಲುಬು ಮುರಿದಾಗ ಯಾರೂ ನಾಚುವುದಿಲ್ಲವಷ್ಟೆ.

ಬಿಡುವುದು, ಕಾಯುವುದು ಇವೆರಡರ ನಡುವೆ ಮೂರನೆಯ ದಾರಿಯೂ ಇರುತ್ತದೆಂಬುದನ್ನು ಇಲ್ಲಿ ನೆನಪಿಸಬೇಕು. ವೈದ್ಯರ ಪತ್ರದೊಡನೆ ರಜೆ, ಬೇರೆ ವಿಭಾಗಕ್ಕೆ ವರ್ಗ, ರಾತ್ರಿಯ ಸರದಿಯಿಂದ ಮುಕ್ತಿ ಇವನ್ನು ಬರೆದು ಕೇಳಬಹುದು. ಕೇಳದೆ ಬಿಟ್ಟು ಹೋದವರೇ ಹೆಚ್ಚು. ಆದರೆ ಕೇಳಿಯೂ ಸಿಗದೆ, ವೈದ್ಯರು 'ಇಲ್ಲಿಂದ ದೂರವಾಗಿ' ಎಂದ ಮೇಲೆ ಪರಿಹಾರಧನದ ಲೆಕ್ಕ ಮುಗಿಯಿತೆಂದೇ ತಿಳಿಯಬೇಕು. ಸುಳ್ಳು ಲೆಕ್ಕ ಬರೆಯಲು, ಗ್ರಾಹಕನಿಗೆ ಮೋಸಮಾಡಲು ಒತ್ತಾಯಿಸುವ ಕಡೆಯೂ ಕಾಯುವಂತಿಲ್ಲ. ನಾಳೆ ವಿಚಾರಣೆ ಬಂದಾಗ ಸಹಿ ಮಾಡಿದವನೇ ಉತ್ತರ ಹೇಳಬೇಕಾಗುತ್ತದೆ.

ಸಹಿ ಮಾಡುವ ಮುನ್ನ

ಕಾದವರ ಪಾಲಿಗೆ ಅತ್ಯಂತ ನಾಜೂಕಾದ ಗಳಿಗೆಯೆಂದರೆ ಕಂಪನಿ ಕರೆದು 'ನೀವೇ ರಾಜೀನಾಮೆ ಕೊಟ್ಟುಬಿಡಿ, ನಿಮ್ಮ ಮುಂದಿನ ಭವಿಷ್ಯಕ್ಕೆ ಒಳ್ಳೆಯದು' ಎನ್ನುವ ಗಳಿಗೆ. ವರ್ಷಗಟ್ಟಲೆ ಪರಿಹಾರಕ್ಕಾಗಿ ಕಾದವನು ಆ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಕಳೆದುಕೊಳ್ಳಬಹುದು. ಏಕೆಂದರೆ ರಾಜೀನಾಮೆ ಬರೆದವನು ಕಾನೂನಿನ ದೃಷ್ಟಿಯಲ್ಲಿ ತಾನಾಗಿ ಹೊರಟವನು. ಬಲವಂತದಿಂದ ಬರೆಸಿಕೊಂಡರೆಂದು ಅನಂತರ ಸಾಧಿಸುವ ಹೊರೆ ಅವನ ಮೇಲೆಯೇ ಬೀಳುತ್ತದೆ.

ಆದ್ದರಿಂದ ಅಂದೇ ಸಹಿ ಮಾಡಬಾರದು. 'ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ, ನಿಮ್ಮ ಪ್ರಸ್ತಾಪವನ್ನು ಬರೆದು ಕೊಡಿ' ಎಂದು ವಿನಯದಿಂದ, ಆದರೆ ದೃಢವಾಗಿ ಕೇಳಬೇಕು. ನೋಟೀಸಿನ ಸಂಬಳವೆಷ್ಟು, ಪರಿಹಾರವೆಷ್ಟು, ವಿಮೆಯನ್ನು ಎಷ್ಟು ತಿಂಗಳು ಮುಂದುವರಿಸುತ್ತಾರೆ, ಹಿಂದೆ ಕೊಟ್ಟ ಬೋನಸ್ಸನ್ನು ಮರಳಿ ಕೇಳುತ್ತಾರೆಯೇ, ಅನುಭವ ಪತ್ರದಲ್ಲಿ ಏನು ಬರೆಯುತ್ತಾರೆ ಎಂಬುದೆಲ್ಲ ಕಾಗದದ ಮೇಲೆ ಬರಬೇಕು. ರಾಜೀನಾಮೆಯನ್ನೇ ಕೊಡುವುದಾದರೂ ಇವುಗಳಿಗೆ ಬದಲಾಗಿ ಕೊಡಬಹುದು, ಬಾಯಿಮಾತಿಗೆ ಕೊಡಬಾರದು. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ವಾರ್ಷಿಕ ಮೌಲ್ಯಮಾಪನದ ಪ್ರತಿಗಳು ಮೊದಲೇ ಮನೆಯಲ್ಲಿರಲಿ. ಕಂಪನಿಯ ಗೋಪ್ಯ ಕಾಗದಗಳನ್ನು ಮಾತ್ರ ಮುಟ್ಟಬಾರದು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯು ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದ ನೌಕರನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳವಿಲ್ಲದೆ ತೆಗೆಯಬಾರದೆಂದು ಹೇಳುತ್ತದೆ. ಅನ್ಯಾಯವಾದಾಗ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಜಿಲ್ಲೆಗಳಲ್ಲಿಯೂ ಇಲಾಖೆಯ ಅಧಿಕಾರಿಗಳಿದ್ದಾರೆ. ಕೆಲಸದಿಂದ ತೆಗೆದಾಗಲೂ, ರಾಜೀನಾಮೆ ಕೊಟ್ಟಾಗಲೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಈಗಿನ ವೇತನ ಸಂಹಿತೆ ವಿಧಿಸಿದೆ.

ಬ್ಯಾಂಕುಗಳ ಸ್ವಯಂ ನಿವೃತ್ತಿಯ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನಿಂದಲೂ ಒಂದು ಪಾಠ ಕಲಿಯಬಹುದು. ಯೋಜನೆಯಡಿ ಕೊಟ್ಟ ಅರ್ಜಿಯು ನೌಕರನ ಪ್ರಸ್ತಾಪವಷ್ಟೆ, ಬ್ಯಾಂಕು ಒಪ್ಪುವ ಮುನ್ನ ಅದನ್ನು ಹಿಂತೆಗೆದುಕೊಳ್ಳಬಹುದೆಂದು ನ್ಯಾಯಾಲಯ ಹೇಳಿತು. ಆದರೆ ಯೋಜನೆಯ ಹಣವನ್ನು ಪಡೆದು ಅನುಭವಿಸಿದವರಿಗೆ ಹಿಂದೆ ಸರಿಯುವ ದಾರಿಯನ್ನು ಕೊಡಲಿಲ್ಲ. ಹಣ ಕೈಸೇರಿದ ಮೇಲೆ ಮನಸ್ಸು ಬದಲಾದರೆ ಪ್ರಯೋಜನವಿಲ್ಲ. ಯೋಚನೆಯೆಲ್ಲ ಅದಕ್ಕೆ ಮುಂಚೆಯೇ ಆಗಬೇಕು.

ಇನ್ನೊಂದು ಎಚ್ಚರ. ಹೇಗೂ ತೆಗೆಯುತ್ತಾರೆಂದು ಕೆಲಸದಲ್ಲಿ ಮೈಗಳ್ಳತನ ತೋರುವುದು ಸಲ್ಲದು. ಕಾಯಕವನ್ನು ನಂಬಿದ ಮನೆತನಕ್ಕೆ ಅದು ಶೋಭೆಯಲ್ಲವೆಂಬುದು ಒಂದು ಮಾತು. ವ್ಯವಹಾರದಲ್ಲಿಯೂ ಅದು ನಷ್ಟ: ಕಂಪನಿಯು ಪರಿಹಾರ ಕೊಡದೆ ಅದಕ್ಷತೆಯ ಹೆಸರಿನಲ್ಲಿ ಹೊರಗೆ ಹಾಕಬಹುದು. ಇರುವ ತನಕ ಮಾಡಬೇಕಾದ ಕೆಲಸವನ್ನು ಸರಿಯಾಗಿ ಮಾಡಿ, ಮಾಡಬಾರದ ಹೊತ್ತಿನಲ್ಲಿ ಮನೆಗೆ ಬರುವುದೇ ಲೇಸು.

ಮನೆಯಲ್ಲಿ ಆಗಬೇಕಾದ ಮಾತು

ಇಷ್ಟೆಲ್ಲ ಲೆಕ್ಕವನ್ನು ಗಂಡಸು ಒಬ್ಬನೇ ತಲೆಯಲ್ಲಿಟ್ಟುಕೊಂಡು ತಿರುಗುವುದು ನಮ್ಮ ಮನೆಗಳ ದೊಡ್ಡ ಲೋಪ. ದುಡಿಯುವ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. 'ಅಷ್ಟು ಕಷ್ಟವಾದರೆ ಬಿಟ್ಟುಬಿಡು' ಎಂದು ಮನೆಯವರು ಹಗುರವಾಗಿ ಹೇಳುತ್ತಾರೆ, ಅವಳ ಸಂಬಳದಿಂದಲೇ ಕಂತು ಕಟ್ಟುತ್ತಿರುವುದನ್ನು ಮರೆಯುತ್ತಾರೆ. ಗಂಡಹೆಂಡಿರು ಒಂದು ಸಂಜೆ ದೂರದರ್ಶನ ಮುಚ್ಚಿ, ಮೊಬೈಲ್ ಪಕ್ಕಕ್ಕಿಟ್ಟು, ಸಾಲ, ಉಳಿತಾಯ, ಚಿನ್ನ, ವಿಮೆ ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆಯಬೇಕು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಹೇಳಿದರು. ನಮಗೆ ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಹೆಂಡತಿ ಎತ್ತಿದಳು, ಗಂಡ ಕೇಳಿದ ಎಂಬುದು ಇಲ್ಲಿ ಮುಖ್ಯ. ಕಾಯಬೇಕೋ ಬಿಡಬೇಕೋ ಎಂಬ ಪ್ರಶ್ನೆಯ ಆಳದಲ್ಲಿಯೂ ಇರುವುದು ಇದೇ ಪ್ರಶ್ನೆ. ತಿಂಗಳಿಗೆ ಎಪ್ಪತ್ತು ಸಾವಿರದಲ್ಲಿ ನಡೆಯುವ ಮನೆ ಐವತ್ತೈದರಲ್ಲಿ ನಡೆಯಬಲ್ಲುದೇ? ಎರಡನೆಯ ಕಾರು ಬೇಕೇ? ನಡೆಯಬಲ್ಲುದು, ಬೇಡ ಎಂದು ಮನೆಯೊಡತಿಯ ಬಾಯಿಂದ ಬಂದ ದಿನ ದುಡಿಯುವವನ ಹೆಗಲಿನಿಂದ ಅರ್ಧ ಭಾರ ಇಳಿಯುತ್ತದೆ.

ಹಿರಿಯರಿಗೂ ಒಂದು ವಿನಂತಿ. ಮಗ ಕೆಲಸ ಬಿಟ್ಟನೆಂದರೆ ನೆಂಟರಿಗೆ ಏನು ಹೇಳುವುದು, ಮಗಳ ಮದುವೆಯ ಮಾತು ಮುರಿದೀತೇ ಎಂಬ ಅಂಜಿಕೆ ಸಹಜ. ಆದರೆ ಆ ಅಂಜಿಕೆಯೇ ಎಷ್ಟೋ ಮಕ್ಕಳನ್ನು ಸುಳ್ಳು ಹೇಳುವಂತೆ ಮಾಡಿದೆ. ಕೆಲಸ ಹೋದ ಮೇಲೂ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಟು, ಸಂಜೆಯವರೆಗೆ ಉದ್ಯಾನದಲ್ಲಿ ಕೂತು ಬರುವ ದುಃಖ ಯಾವ ತಾಯಿಯ ಮಗನಿಗೂ ಬರಬಾರದು. 'ನೀನು ಚೆನ್ನಾಗಿದ್ದರೆ ಸಾಕಪ್ಪ, ಮಿಕ್ಕದ್ದು ನೋಡಿಕೊಳ್ಳೋಣ' ಎಂಬ ತಂದೆಯ ಒಂದು ಮಾತಿಗೆ ಯಾವ ಪರಿಹಾರಧನವೂ ಸಾಟಿಯಾಗದು.

ಕೊನೆಗೆ, ಆ ಹಾಳೆಯ ಕೆಳಗೆ ನಾಲ್ಕು ಸಾಲುಗಳನ್ನು ಬರೆದಿಡಿ. ನಾವು ಕಾಯುತ್ತಿರುವ ಹಣ ಲಿಖಿತವೋ ಬರಿಯ ಸುದ್ದಿಯೋ? ಅದು ಬಂದರೆ ಎಷ್ಟು ತಿಂಗಳ ಮನೆಖರ್ಚು? ಯಾವ ದಿನಾಂಕದವರೆಗೆ ಕಾಯುತ್ತೇವೆ, ಯುಗಾದಿಯೋ ದೀಪಾವಳಿಯೋ? ಶರೀರದಲ್ಲಿ ಯಾವ ಲಕ್ಷಣ ಕಂಡರೆ ದಿನಾಂಕವನ್ನು ನೋಡದೆ ಹೊರಡುತ್ತೇವೆ? ಇಬ್ಬರೂ ಓದಿ ಒಪ್ಪಿ ಅದನ್ನು ಪಂಚಾಂಗದೊಳಗೆ ಇಡಿ. ಆ ದಿನ ಬಂದಾಗ ಮತ್ತೆ ಹೊಸ ಸುದ್ದಿಯ ಬೆನ್ನು ಹತ್ತದೆ ಬರೆದಂತೆ ನಡೆಯಿರಿ. ಹಾಗೆ ಹೊರಟವರು ಬರಿಗೈಯಲ್ಲಿ ಹೊರಟರೆಂದು ಯಾರೂ ಹೇಳಲಾರರು. ದುಡಿಯುವ ಶರೀರವನ್ನೂ ನೆಮ್ಮದಿಯ ಮನಸ್ಸನ್ನೂ ಅವರು ಮನೆಗೆ ತಂದಿರುತ್ತಾರೆ. ಅವೆರಡಿದ್ದರೆ ನಾಳಿನ ಅನ್ನಕ್ಕೆ ದಾರಿಯಾಗುತ್ತದೆ.